ತೊಳೆಯದ ಹಗ್ಗ

ಹಂದಿಯನ್ನು ಹಿಡಿಯುವುದಕ್ಕೆ ಒಂದು ಹಗ್ಗ ಸಾಕು. ತುದಿಗೆ ಕುಣಿಕೆ ಹಾಕಿ, ಅದು ಬಾಯಿ ತೆರೆದ ಹೊತ್ತಿಗೆ ಮೇಲ್ದವಡೆಯ ಕೋರೆಹಲ್ಲಿನ ಹಿಂದಕ್ಕೆ ಸರಿಸಿ ಬಿಗಿದರೆ ಆಯಿತು. ಆಮೇಲೆ ಹಂದಿ ನುಗ್ಗುವುದಿಲ್ಲ, ಹಿಂದಕ್ಕೆ ಜಗ್ಗುತ್ತದೆ. ಜಗ್ಗುತ್ತಾ ಜಗ್ಗುತ್ತಾ ಒಂದೇ ಕಡೆ ನಿಂತುಬಿಡುತ್ತದೆ, ಊರಿಗೆಲ್ಲ ಕೇಳುವ ಹಾಗೆ ಕಿರುಚಿಕೊಂಡು. ಆ ಕಿರುಚಾಟದಲ್ಲಿ ಕೈ ನಡುಗದೆ ಕುತ್ತಿಗೆಯ ರಕ್ತನಾಳ ಹುಡುಕಿ ಸೂಜಿ ಚುಚ್ಚಬೇಕು. ನಾನು ಪಶುವೈದ್ಯೆ. ಎರಡು ವರ್ಷ ತುಮಕೂರು ಜಿಲ್ಲೆಯಲ್ಲಿ ಹಂದಿ ಸಾಕುವವರ ಮನೆಮನೆಗೆ ಇಂಥದೊಂದು ಹಗ್ಗ ಹಿಡಿದುಕೊಂಡು ಓಡಾಡಿದ್ದೇನೆ.

ಸಂಶೋಧನೆಯ ವಿಷಯ ಹಂದಿಜ್ವರ. ಮನುಷ್ಯರಿಗೆ ಬಂದು ಎಲ್ಲರನ್ನೂ ಹೆದರಿಸಿತಲ್ಲ, ಆ ಜ್ವರವಲ್ಲ. ಇದು ಹಂದಿಗೆ ಮಾತ್ರ ಬರುವ, ಬಂದರೆ ಶೆಡ್ಡನ್ನೇ ಖಾಲಿ ಮಾಡಿ ಹೋಗುವ ಬೇರೆಯೇ ರೋಗ. ಅದರ ವೈರಸ್ಸಿನೊಳಗೆ ಸಾವಿರಾರು ಅಕ್ಷರಗಳ ಒಂದು ಬರಹವಿರುತ್ತದೆ, ನಾಲ್ಕೇ ಅಕ್ಷರಗಳನ್ನು ಮತ್ತೆ ಮತ್ತೆ ಬಳಸಿ ಬರೆದದ್ದು. ಒಂದು ಹಂದಿಯಿಂದ ಇನ್ನೊಂದಕ್ಕೆ ದಾಟುತ್ತಾ ಅದು ತನ್ನನ್ನೇ ನಕಲು ಮಾಡಿಕೊಳ್ಳುತ್ತದೆ. ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಬೀದಿಯಲ್ಲಿ ಒಬ್ಬರ ಬಾಗಿಲ ರಂಗೋಲಿ ನೋಡಿ ಪಕ್ಕದ ಮನೆಯವರು ಹಾಕುವಾಗ ಒಂದು ಚುಕ್ಕಿ ತಪ್ಪಿದರೆ, ಅವರದನ್ನು ನೋಡಿ ಹಾಕುವ ಮೂರನೆಯ ಮನೆಗೂ ಅದೇ ತಪ್ಪು ಹೋಗುತ್ತದಲ್ಲ, ಹಾಗೆ. ಆ ತಪ್ಪುಗಳನ್ನು ಹಿಡಿದುಕೊಂಡು ಹಿಂದಕ್ಕೆ ನಡೆದರೆ ಯಾರದು ಯಾರಿಂದ ಬಂತು ಎಂದು ಗೊತ್ತಾಗುತ್ತದೆ. ಗುಬ್ಬಿ, ಕುಣಿಗಲ್, ಕೋರ, ತುಮಕೂರಿನ ಅಂಚಿನ ಬಡಾವಣೆಗಳು, ಎಲ್ಲ ಕಡೆಯ ವೈರಸ್ಸನ್ನು ಹೀಗೆ ಓದಿ ಅದರ ವಂಶಾವಳಿ ಬರೆಯುವುದು ನನ್ನ ಕೆಲಸ. ಬರೆದೆ. ಬರೆಯುತ್ತಾ ಹೋದರೆ ಅದರ ನಡುವೆ ಒಂದು ಕಡೆ ನಾನೇ ನಿಂತಿದ್ದೆ.

ಇದನ್ನು ತುಮಕೂರಿನಲ್ಲಿ ಮರಳೂರಿನ ನಮ್ಮ ಮನೆಯಿಂದಲೇ ಶುರು ಮಾಡಬೇಕು. ಮದುವೆಯಾಗಿ ಆ ಮನೆಗೆ ಬಂದಾಗ ಸೊಸೆ ಡಾಕ್ಟರು ಎನ್ನುವುದು ಅತ್ತೆಗೆ ಹೆಮ್ಮೆ, ದನದ ಡಾಕ್ಟರು ಎನ್ನುವುದು ಇನ್ನೂ ದೊಡ್ಡ ಹೆಮ್ಮೆ. "ಬಸವನ ಸೇವೆ ಕಣಮ್ಮ ಅದು, ಎಲ್ರಿಗೂ ಸಿಕ್ಕಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆ ಆಗದೆ ಹನಿ ನೀರು ಕುಡಿಯದ ಹೆಂಗಸು. ಮೊಟ್ಟೆ ಇಟ್ಟ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳದ ಮನೆ. ನನ್ನ ಸಂಶೋಧನೆ ಹಂದಿಯ ಮೇಲೆ ಎಂದು ಗೊತ್ತಾದ ದಿನ ಗಂಡ ರೂಮಿನ ಬಾಗಿಲು ಹಾಕಿ ಹೇಳಿದ್ದು ಒಂದೇ ಮಾತು: "ಅಮ್ಮಂಗೆ ಹಸು ಅಂತ ಹೇಳು. ಎರಡು ವರ್ಷ ತಾನೆ." ಎಲ್ಲದಕ್ಕೂ ಎದುರು ಮಾತಾಡುವವಳು, ಮೂಗಿನ ತುದಿಯಲ್ಲಿ ಸಿಟ್ಟಿರುವವಳು ನಾನು. ಆ ಮಾತಿಗೆ ಮಾತ್ರ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನಗೂ ನಾಚಿಕೆಯಿತ್ತು. ತವರಿನಲ್ಲೂ ಹೇಳಿರಲಿಲ್ಲ.

ದಿನಾ ಸಂಜೆ ಅತ್ತೆ ಕೇಳುವರು, "ಇವತ್ತೆಷ್ಟು ಹಸು ನೋಡ್ದೆ?" ನಾನು "ಆರು" ಅನ್ನುವೆ, "ಎಂಟು" ಅನ್ನುವೆ. ಅಷ್ಟಕ್ಕೆ ಬಿಡುವವರಲ್ಲ ಅವರು, ಯಾವ ತಳಿ, ಎಷ್ಟು ಹಾಲು ಎಂದು ವಿಚಾರಿಸುವರು. ಬರಬರುತ್ತಾ ನಾನು ಹಸುಗಳಿಗೆ ಬಣ್ಣವನ್ನೂ ಕೊಡತೊಡಗಿದೆ. ಒಂದಕ್ಕೆ ಹಣೆಯ ಮೇಲೆ ಬಿಳಿ ನಾಮ, ಇನ್ನೊಂದಕ್ಕೆ ಒಂದು ಕೊಂಬು ಮುರಿದದ್ದು. ಗುಬ್ಬಿಯಲ್ಲಿ ಇಲ್ಲದ ಒಂದು ಹಸು ಇಲ್ಲದ ಒಂದು ಕರು ಹಾಕಿದ ಸುದ್ದಿ ಕೇಳಿ ಅತ್ತೆ ಕೈ ಮುಗಿದಿದ್ದರು. ಗಂಡ ತಟ್ಟೆ ನೋಡಿಕೊಂಡು ನಗು ತಡೆಯುತ್ತಿದ್ದ. ಸುಳ್ಳು ಹೇಳುವುದು ಹೀಗೆ ನನಗೆ ಬಾಯಿಪಾಠವಾಯಿತು. ಮೊದಲ ತಿಂಗಳು ದಾರಿಯಲ್ಲೇ ಯೋಚಿಸಿಕೊಂಡು ಬರುತ್ತಿದ್ದೆ, ಆಮೇಲೆ ಯೋಚಿಸಬೇಕಾಗಲಿಲ್ಲ.

ಕೆಲಸದಲ್ಲಿ ನಾನು ಕಟ್ಟುನಿಟ್ಟು. ದಿನಕ್ಕೆ ಒಂದೇ ಶೆಡ್. ಅಲ್ಲಿಂದ ನೇರ ಮನೆಗೆ ಬಂದು ಸ್ನಾನ. ಗಂಬೂಟು ಮತ್ತು ಹಗ್ಗ ಬಟ್ಟೆ ಸೋಡಾ ಕರಗಿಸಿದ ನೀರಿನಲ್ಲಿ ನೆನೆದು, ಉಜ್ಜಿ, ಬಿಸಿಲಿಗೆ ಒಣಗಬೇಕು. ಹಗ್ಗ ಹಂದಿಯ ಬಾಯೊಳಗೆ ಹೋಗುವಂಥದ್ದು; ಜೊಲ್ಲು, ಕೆಲವೊಮ್ಮೆ ರಕ್ತ, ಎಲ್ಲ ಅದರ ಎಳೆಗಳ ನಡುವೆ ಕೂರುತ್ತದೆ. ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿದೆ. ಅತ್ತೆ ಸಂಜೆ ಮಠದ ಭಜನೆಗೆ ಹೋದ ಮೇಲೆ ಅಲ್ಲಿ ನನ್ನ ಕೆಲಸ ನಡೆಯುತ್ತಿತ್ತು. ಬಕೆಟ್ಟನ್ನು ತೆಂಗಿನ ಗರಿಗಳ ಹಿಂದೆ ಬಚ್ಚಿಟ್ಟಿದ್ದೆ. ಮನೆಯವರ ಕಣ್ಣು ತಪ್ಪಿಸಿ ಹಗ್ಗ ತೊಳೆಯುವ ಡಾಕ್ಟರು ಈ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಅದು ಶ್ರಾವಣ ಮಾಸ. ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಪಾದಪೂಜೆ ಎಂದು ನಿಶ್ಚಯವಾಗಿತ್ತು. ಮಠದಿಂದ ಸ್ವಾಮಿಗಳು ಮನೆಗೆ ಬರುತ್ತಾರೆ, ಅವರ ಪಾದ ತೊಳೆದು ಪೂಜೆ ಮಾಡಿ ಆ ನೀರನ್ನು ಪಾದೋದಕವೆಂದು ಎಲ್ಲರೂ ಸ್ವೀಕರಿಸುತ್ತಾರೆ. ಅತ್ತೆ ಎರಡು ವರ್ಷದಿಂದ ಕಾದಿದ್ದ ದಿನ ಅದು. ಅವತ್ತೇ ಬೆಳಿಗ್ಗೆ ಗುಬ್ಬಿಯ ಹತ್ತಿರದ ಒಂದು ಶೆಡ್ಡಿನಿಂದ ಫೋನು ಬಂತು: ಹಂದಿಗಳು ಮೇವು ಬಿಟ್ಟು ಮೂರು ದಿನ ಆಯಿತು, ರಾತ್ರಿ ನಾಲ್ಕು ಸತ್ತಿವೆ. ಇಂಥ ಮಾದರಿ ಬೇಕೆಂದರೆ ಸಿಗುವುದಲ್ಲ. "ಮಧ್ಯಾಹ್ನದೊಳಗೆ ಬರ್ತೀನಿ ಅತ್ತೆ, ಒಂದು ಹಸು ಕರು ಹಾಕೋಕೆ ಒದ್ದಾಡ್ತಿದೆಯಂತೆ" ಎಂದು ಹೇಳಿ ಸ್ಕೂಟರ್ ಹತ್ತಿದೆ.

ಗುಬ್ಬಿಯಲ್ಲಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಹಂದಿಗಳು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು, ಆ ಸೆಖೆಯಲ್ಲೂ ಚಳಿಗೆ ಮುದುರಿದ ಹಾಗೆ. ಕಿವಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು, ಕಣ್ಣಿಗೆ ಪಿಸುರು ಅಂಟಿತ್ತು. ಎದ್ದು ನಿಂತವು ಹಿಂಗಾಲು ತೂರಾಡಿ ಮತ್ತೆ ಕೂತವು. ಐದು ಹಂದಿಗಳಿಗೆ ಕುಣಿಕೆ ಹಾಕಿ ರಕ್ತ ತೆಗೆದೆ. ಕೊನೆಯದಕ್ಕೆ ಕಿರುಚುವ ಶಕ್ತಿಯೂ ಇರಲಿಲ್ಲ, ಸುಮ್ಮನೆ ಬಾಯಿ ಕೊಟ್ಟಿತು. ಅಲ್ಲೇ ನಲ್ಲಿಯಲ್ಲಿ ತೊಳೆಯೋಣವೆಂದರೆ ನೀರು ನಿಂತುಹೋಗಿತ್ತು. ಹಗ್ಗವನ್ನೂ ಗಂಬೂಟನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಕಟ್ಟಿ, ಸ್ಕೂಟರಿನ ಡಿಕ್ಕಿಗೆ ತುರುಕಿದೆ. ಸಂಜೆ ತೊಳೆದರಾಯಿತು ಎಂದುಕೊಂಡೆ.

ಮನೆಗೆ ಬಂದರೆ ಹಿತ್ತಲು ತುಂಬ ಹೆಂಗಸರು. ಒಗೆಯುವ ಕಲ್ಲಿನ ಮೇಲೆ ಕುಂಬಳಕಾಯಿ ಹೆಚ್ಚುತ್ತಿದ್ದರು, ತೆಂಗಿನ ಗರಿಯ ಪಕ್ಕದಲ್ಲೇ ಒಲೆ ಹೂಡಿದ್ದರು. ನಾನು ಬಚ್ಚಲಿಗೆ ಹೋಗಿ ಎರಡು ಸಲ ತಲೆಗೆ ಸ್ನಾನ ಮಾಡಿದೆ, ಉಗುರಿನ ಸಂದು ಬಿಡದೆ ಉಜ್ಜಿದೆ. ಒಗೆದ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಹೊರಗೆ ಬಂದೆ. ಸಂಜೆ ತಾಮ್ರದ ಬೋಗುಣಿಯಲ್ಲಿ ಸ್ವಾಮಿಗಳ ಪಾದ ಇರಿಸಿ, ನಾನು ನೀರು ಹೊಯ್ದೆ, ಗಂಡ ತೊಳೆದ. ಬೆರಳು ಬೆರಳಿನ ನಡುವೆಯೂ ತೊಳೆದೆವು. ಆ ನೀರನ್ನು ಅತ್ತೆಯ ಅಂಗೈಗೆ ನಾನೇ ಹಾಕಿದೆ. ಅವರ ಕಣ್ಣಲ್ಲಿ ನೀರು ಬಂತು. ಬಂದವರೆಲ್ಲ ಊಟ ಮುಗಿಸಿ ಹೊರಡುವ ಹೊತ್ತಿಗೆ ನನಗೆ ನಿಲ್ಲುವುದಕ್ಕೂ ಆಗುತ್ತಿರಲಿಲ್ಲ. ಡಿಕ್ಕಿಯಲ್ಲಿದ್ದ ಕವರು ನೆನಪಾಗಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ನೆನಪಿತ್ತು. ನಾಳೆ ಅಲ್ಲೇ ತೊಳೆದುಕೊಂಡರಾಯಿತು ಎಂದು ಮಲಗಿದೆ.

ನಾಳೆ ಎಂದರೆ ಕುಣಿಗಲ್. ಕುಣಿಗಲ್ ದಾಟಿ ಹುಲಿಯೂರುದುರ್ಗದ ರಸ್ತೆಯಲ್ಲಿ ಒಬ್ಬ ಅಮ್ಮ ಹಂದಿ ಸಾಕಿಕೊಂಡಿದ್ದರು. ಐವತ್ತರ ಆಸುಪಾಸು, ಗಂಡನಿಲ್ಲ, ಮಕ್ಕಳಿಲ್ಲ, ಒಂಟಿ ಜೀವ. ಇಪ್ಪತ್ತೆರಡು ಬಿಳಿ ಹಂದಿಗಳು. ಒಂದೊಂದನ್ನೂ ಬೈದು ಬೈದು ಸಾಕುತ್ತಿದ್ದರು. ಹೋದ ಸಲ ನಾನು ಹೇಳಿಕೊಟ್ಟದ್ದನ್ನೆಲ್ಲ ಅಕ್ಷರಕ್ಷರ ಪಾಲಿಸುವವರು: ಗೇಟಿನಲ್ಲಿ ಸುಣ್ಣದ ಪುಡಿ ಹರಡಿದ ತಗಡಿನ ತಟ್ಟೆ, ಅದನ್ನು ತುಳಿಯದೆ ಯಾರೂ ಒಳಗೆ ಬರುವಂತಿಲ್ಲ, ಬೇರೆಯವರ ಹಂದಿ ಒಳಗೆ ಬಿಡುವಂತಿಲ್ಲ. ಲಸಿಕೆಗೆ ಹೆಸರು ಬರೆಸಿದ್ದರು, ಸರದಿ ಇನ್ನೂ ಬಂದಿರಲಿಲ್ಲ. ರೋಗವಿಲ್ಲದ ಕಡೆಯ ರಕ್ತವೂ ಬೇಕು ನಮಗೆ, ಹೋಲಿಸಿ ನೋಡುವುದಕ್ಕೆ. ಅದಕ್ಕೇ ಅವರ ಶೆಡ್ ಆರಿಸಿದ್ದೆ. ನಾನು ಬರುತ್ತೇನೆಂದು ಅವತ್ತು ಬೆಳಿಗ್ಗೆ ಹಂದಿಗಳಿಗೆ ಮೇವೂ ಹಾಕದೆ ಕಾದಿದ್ದರು.

ಅವರ ತಮ್ಮನೂ ಇದ್ದ. ಹುಲಿಯೂರುದುರ್ಗದಲ್ಲಿ ಅವನ ಮನೆ. ಲಗೇಜ್ ಆಟೋದಲ್ಲಿ ಹೋಟೆಲುಗಳ ಮುಸುರೆ, ಅಂದರೆ ಉಳಿದ ಅನ್ನ ಸಾರು, ಡ್ರಮ್ಮಿನಲ್ಲಿ ತುಂಬಿ ತಂದು ಅಕ್ಕನಿಗೆ ಕೊಡುವುದು ಅವನ ದಿನದ ಕೆಲಸ. ಹಾಗೇ ಹಾಕುವಂತಿಲ್ಲ, ಕುದಿಸಿಯೇ ಹಾಕಬೇಕು ಎಂದು ನಾನು ಹೇಳಿದ ಮೇಲೆ ಅದಕ್ಕೊಂದು ದೊಡ್ಡ ಹಂಡೆ ಹೂಡಿದ್ದರು. ಅವನ ಹೆಂಡತಿಗೆ ಆಗ ಏಳು ತಿಂಗಳು.

"ಕೂಸಿನ ಕಿವೀಲಿ ಹೆಸ್ರು ಕರೆಯೋ ಸೋದರತ್ತೆ ನಾನು ಡಾಕ್ಟ್ರಮ್ಮ, ಈಗಿಂದ್ಲೇ ಹೆಸ್ರು ಹುಡುಕ್ತಾ ಇದೀನಿ" ಎಂದರು ಆ ಅಮ್ಮ.

"ಹಂದಿಗೆ ಬೈಯ್ಯೋ ಹೆಸ್ರೇ ಇಟ್ಟುಬುಟ್ಟಾಳು, ಹುಷಾರಾಗಿರ್ಬೇಕು" ಎಂದ ತಮ್ಮ. ಅಕ್ಕ ಅವನ ಬೆನ್ನಿಗೊಂದು ಗುದ್ದಿದರು.

ನಾನು ಡಿಕ್ಕಿಯಿಂದ ಕವರು ತೆಗೆದೆ. ಗಂಬೂಟಿಗೆ ಎಲ್ಲರೂ ನೋಡುವ ಹಾಗೆ ಔಷಧಿ ಸಿಂಪಡಿಸಿದೆ, ಸುಣ್ಣದ ತಟ್ಟೆ ತುಳಿದೆ. ಹಗ್ಗ ಕೈಯಲ್ಲಿತ್ತು. ಮೇಲ್ನೋಟಕ್ಕೆ ಒಣಗಿದ ಹಾಗೆ ಕಾಣುತ್ತಿತ್ತು, ಕವರಿನೊಳಗೆ ಮಾತ್ರ ಬೆವರು ಕಟ್ಟಿತ್ತು. ಅದನ್ನು ನೆನೆಸಬೇಕೆಂದರೆ ಸೋಡಾ ಕೇಳಬೇಕು, ಬಕೆಟ್ ಕೇಳಬೇಕು, ಅರ್ಧ ಗಂಟೆ ಕಾಯಬೇಕು. ನೆನ್ನೆ ಯಾಕೆ ತೊಳೆಯಲಿಲ್ಲ ಎಂದು ಕೇಳಿದರೆ ಹೇಳಬೇಕು. ಆಗಲೇ ಅವರು ಕೇಳಿದರು.

"ಹಗ್ಗ ತೊಳ್ದಿದೀರ ತಾನೆ ಡಾಕ್ಟ್ರಮ್ಮ? ನೀವೇ ಹೇಳಿದ್ರಿ, ಹಗ್ಗದಲ್ಲೇ ರೋಗ ಕುಂತಿರ್ತದೆ ಅಂತ."

"ಸೋಡಾದಲ್ಲಿ ನೆನೆಸಿ ತೊಳ್ದಿದೀನಮ್ಮ" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಹಣೆಯ ಮೇಲೆ ಬಿಳಿ ನಾಮದ ಹಸುವಿನ ಹಾಗೇ ಬಂತು. ಅವರು "ಸರಿ ಬುಡಿ" ಎಂದು ಗೇಟು ತೆರೆದರು. ತಮ್ಮ ಒಂದೊಂದೇ ಹಂದಿಯನ್ನು ಮೂಲೆಗೆ ಒತ್ತಿಕೊಟ್ಟ, ನಾನು ಕುಣಿಕೆ ಹಾಕುತ್ತಾ ಹೋದೆ. ಏಳು ಹಂದಿಗಳ ರಕ್ತ ತೆಗೆದುಕೊಂಡು, ಅವರು ಕೊಟ್ಟ ಎಳನೀರು ಕುಡಿದು, ತುಮಕೂರಿಗೆ ಬಂದೆ. ಅವತ್ತು ಸಂಜೆ ಹಗ್ಗವನ್ನು ಚೆನ್ನಾಗಿ ತೊಳೆದೆ.

ಒಂಬತ್ತನೆಯ ದಿನ ಆ ಅಮ್ಮನ ಫೋನು ಬಂತು. "ಮೂರು ಹಂದಿ ಮೇವು ಮುಟ್ತಿಲ್ಲ ಡಾಕ್ಟ್ರಮ್ಮ" ಎಂದರು, ಅಷ್ಟೆ. ಯಾವ ಮೂರು ಎಂದು ಕೇಳಬೇಕಾಗಿರಲಿಲ್ಲ, ಆದರೂ ಕೇಳಿದೆ. ನಾನು ಕುಣಿಕೆ ಹಾಕಿದ ಮೊದಲ ಮೂರೇ.

ಮಾರನೆಯ ದಿನ ಹೋದಾಗ ಅವುಗಳ ಕಿವಿ ನೇರಳೆಯಾಗಿತ್ತು. ಮತ್ತೆ ರಕ್ತ ತೆಗೆದೆ, ಈ ಸಲ ಹೊಸ ಹಗ್ಗದಲ್ಲಿ. ರೋಗ ಬಂದ ಕಡೆ ತುಂಬುವ ಒಂದು ಫಾರಂ ಇರುತ್ತದೆ ನಮ್ಮ ಹತ್ತಿರ, ಪ್ರಶ್ನೆಗಳು ಅಚ್ಚಾಗಿರುತ್ತವೆ. ಹೊಸ ಹಂದಿ ತಂದಿದ್ದೀರಾ? ಇಲ್ಲ. ವ್ಯಾಪಾರಿಗಳು ಬಂದಿದ್ದರಾ? ಇಲ್ಲ. ಹೊರಗಿನಿಂದ ಯಾರಾದರೂ ಶೆಡ್ಡಿನೊಳಗೆ ಬಂದಿದ್ದರಾ? "ನಿಮ್ಮನ್ನ ಬುಟ್ಟು ಯಾರೂ ಇಲ್ಲ" ಎಂದರು ಆ ಅಮ್ಮ. ನಾನು "ಇಲ್ಲ" ಎಂಬಲ್ಲಿ ಗುರುತು ಹಾಕಿದೆ. ಮುಸುರೆ ಹಾಕುತ್ತೀರಾ? ತಪ್ಪದೆ ಕುದಿಸುತ್ತೀರಾ?

ಅವರು ತಮ್ಮನ ಮುಖ ನೋಡಿದರು. ಅವನು ಡ್ರಮ್ಮಿನ ಅಂಚು ಹಿಡಿದು ನಿಂತಿದ್ದ.

"ಒಂದಿನ ಕುದ್ಸಿರ್ಲಿಲ್ಲ ಕಣಕ್ಕ" ಎಂದ. "ಹೋದ ವಾರ ನೀನು ಸಂತೆಗೆ ಹೋಗಿದ್ಯಲ್ಲ, ಸೌದೆ ನೆಂದಿತ್ತು. ಬಿಸಿ ಇತ್ತು, ಹಂಗೇ ಹಾಕ್ಬುಟ್ಟೆ."

ಆ ಅಮ್ಮ ಅವನನ್ನು ಬೈದದ್ದನ್ನು ನಾನಿಲ್ಲಿ ಬರೆಯಲಾರೆ. ಅಪ್ಪ ಅಮ್ಮ ಸತ್ತ ಮೇಲೆ ಸೊಂಟದ ಮೇಲೆ ಹೊತ್ತು ಸಾಕಿದ ತಮ್ಮನಂತೆ ಅವನು. ಅವೆಲ್ಲ ಮಾತೂ ಬಂದವು. ಕೊನೆಗೆ, "ನನ್ನ ಗೇಟು ತುಳೀಬೇಡ ಹೋಗಲೇ, ನಿನ್ನ ಮನೆ ಕಡೆ ನಾನು ತಲೆ ಹಾಕಿ ಮಲಗಲ್ಲ" ಎಂದರು. ಅವನು ಖಾಲಿ ಡ್ರಮ್ಮನ್ನು ಆಟೋಗೆ ಏರಿಸಿದ. ತಾನೇ ಮಾಡಿದ್ದೆಂದು ಅವನೂ ನಂಬಿದ್ದ. ಆಗ ನಾನು ಬಾಯಿ ಬಿಡಬಹುದಿತ್ತು. "ಬೇರೆ ಕಾರಣವೂ ಇರಬಹುದು" ಎಂದಾದರೂ ಹೇಳಬಹುದಿತ್ತು. ಮುಸುರೆಯಿಂದ ಬರುವುದು ಉಂಟು, ಪುಸ್ತಕದಲ್ಲಿದೆ, ಸುಳ್ಳಲ್ಲ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. "ಕುದಿಸಿಲ್ಲ" ಎಂಬಲ್ಲಿ ಗುರುತು ಹಾಕಿ, ಫಾರಂ ಮಡಚಿ ಬ್ಯಾಗಿಗಿಟ್ಟೆ. ಎರಡು ವಾರದಲ್ಲಿ ಇಪ್ಪತ್ತೆರಡೂ ಹೋದವು. ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚುವುದಕ್ಕೆ ಆ ಅಮ್ಮ ಕೂಲಿಯವರನ್ನು ಕರೆಸಿದರು, ತಮ್ಮನನ್ನು ಕರೆಯಲಿಲ್ಲ.

ಬೆಂಗಳೂರಿನ ಲ್ಯಾಬಿನಲ್ಲಿ ಆ ಬರಹ ಓದುವುದಕ್ಕೆ ಎರಡು ತಿಂಗಳು ಹಿಡಿಯಿತು. ಕುಣಿಗಲ್ಲಿನದು ಎರಡು ಡಬ್ಬಿ ಇದ್ದವು. ಮೊದಲ ದಿನ ತೆಗೆದ ರಕ್ತದಲ್ಲಿ ವೈರಸ್ಸು ಇರಲೇ ಇಲ್ಲ. ಏಳೂ ಹಂದಿ ಶುದ್ಧ. ನಾನು ಗೇಟು ದಾಟಿದ ದಿನ ಆ ಮನೆಯಲ್ಲಿ ರೋಗವಿರಲಿಲ್ಲ ಎಂದು ನನ್ನದೇ ಡಬ್ಬಿ ಹೇಳುತ್ತಿತ್ತು. ಎರಡನೆಯ ಡಬ್ಬಿಯಲ್ಲಿ ವೈರಸ್ಸು ತುಂಬಿ ತುಳುಕುತ್ತಿತ್ತು. ಕಂಪ್ಯೂಟರಿನಲ್ಲಿ ಗುಬ್ಬಿಯ ಸಾಲು ಮೇಲೆ, ಕುಣಿಗಲ್ಲಿನ ಸಾಲು ಕೆಳಗೆ ಇಟ್ಟು ನೋಡಿದೆ. ಕೋರದ್ದರಲ್ಲಿ, ತುಮಕೂರಿನದರಲ್ಲಿ, ಜಿಲ್ಲೆಯ ಬೇರೆ ಯಾವುದರಲ್ಲೂ ಇಲ್ಲದ ಎರಡು ತಪ್ಪು ಅಕ್ಷರಗಳು ಇವೆರಡರಲ್ಲಿ ಮಾತ್ರ ಇದ್ದವು. ಅದೇ ಜಾಗ, ಅದೇ ತಪ್ಪು. ನಡುವೆ ಇದ್ದದ್ದು ಅರವತ್ತು ಕಿಲೋಮೀಟರು, ಒಂದು ಸ್ಕೂಟರು.

ನನ್ನ ಗೈಡ್ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಅವರಿಗೆ ಖುಷಿಯೋ ಖುಷಿ. "ಎಷ್ಟು ಕ್ಲೀನಾಗಿ ಬಂದಿದೆ ನೋಡಿ! ಈ ಎರಡು ಕಡೆಗೂ ಓಡಾಡಿದವರು ಯಾರೋ ಇರಬೇಕು. ವ್ಯಾಪಾರಿಗಳಾ?"

"ಇರಬಹುದು ಸರ್" ಎಂದೆ.

ಪ್ರಬಂಧದಲ್ಲಿ ಹಾಗೇ ಬರೆದೆ: ಹಂದಿ ವ್ಯಾಪಾರಿಗಳ ಓಡಾಟದಿಂದ ರೋಗ ದಾಟಿರುವ ಸಾಧ್ಯತೆಯಿದೆ. ಎರಡು ವರ್ಷದಲ್ಲಿ ನಾನು ಬರೆದ ಎಲ್ಲ ವಾಕ್ಯಗಳಲ್ಲಿ ಗೈಡ್ ಒಂದು ಅಕ್ಷರವನ್ನೂ ತಿದ್ದದೆ ಬಿಟ್ಟದ್ದು ಅದೊಂದೇ. ಕುಣಿಗಲ್ ಬೋರ್ಡಿನ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೆ. ಆ ಅಮ್ಮ ಎರಡು ಸಲ ಫೋನು ಮಾಡಿದ್ದರು, ರಿಪೋರ್ಟು ಬಂತಾ ಎಂದು. ಇನ್ನೂ ಇಲ್ಲ ಎಂದಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಪ್ರಬಂಧ ಬೈಂಡಾಗಿ ಮನೆಗೆ ಬಂತು. ಚಿನ್ನದ ಅಕ್ಷರದ ದಪ್ಪ ಪುಸ್ತಕ. ನಾನು ಸ್ನಾನಕ್ಕೆ ಹೋಗಿದ್ದಾಗ ಅತ್ತೆ ಅದನ್ನು ದೇವರ ಮನೆಗೆ ಒಯ್ದು, ವಿಭೂತಿ ಇಟ್ಟು, ಹೂ ಏರಿಸಿ, ಸೊಸೆ ಏನು ಬರೆದಿದ್ದಾಳೆ ನೋಡೋಣವೆಂದು ಬಿಡಿಸಿದ್ದಾರೆ. ಇಂಗ್ಲಿಷ್ ಬರುವುದಿಲ್ಲ, ಫೋಟೋ ನೋಡಬಹುದಲ್ಲ. ನಾನು ಕೂದಲು ಒರೆಸಿಕೊಂಡು ಬರುವ ಹೊತ್ತಿಗೆ ಪುಟ ತಿರುವುತ್ತಾ ಕೂತಿದ್ದರು.

"ಇದೇನೇ ಇದು, ಒಂದು ಹಸೂನೂ ಇಲ್ವಲ್ಲೇ ಇದ್ರಲ್ಲಿ?"

ನಗು ಬರುವ ಮಾತು. ನನಗೆ ಬಂದದ್ದು ಅಳು. ಅಲ್ಲೇ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿಬಿಟ್ಟೆ: ಹಸು, ಬಕೆಟ್ಟು, ಗುಬ್ಬಿ, ಡಿಕ್ಕಿಯ ಕವರು, ಪಾದಪೂಜೆ, ಕುಣಿಗಲ್ಲಿನ ಗೇಟು. ಅತ್ತೆ ಪೂರ್ತಿ ಕೇಳಿದರು. "ಅವತ್ತು ನನ್ನ ಕೈಗೆ ಪಾದೋದಕ ಹಾಕಿದ ಕೈ ಕಣೇ ಅದು" ಎಂದಷ್ಟೇ ಹೇಳಿ ಎದ್ದುಹೋದರು. ದೇವರ ಮನೆಯನ್ನು ಅವತ್ತೇ ತೊಳೆಸಿದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮಗನ ಜೊತೆಗಂತೂ ವಾರ ಮಾತಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ತೆಂಗಿನ ಗರಿಗಳ ಹಿಂದೆ ಇದ್ದ ನನ್ನ ಬಕೆಟ್ಟು ಒಗೆಯುವ ಕಲ್ಲಿನ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಇತ್ತು. ಅತ್ತೆ ತುಳಸಿಗೆ ನೀರು ಹಾಕುತ್ತಿದ್ದರು.

"ಹಂದಿ ಅಂದಿದ್ರೆ ಬೈತಿದ್ದೆ, ಅದು ನಿಜ" ಎಂದರು ನನ್ನ ಕಡೆ ತಿರುಗದೆ. "ನಾಲ್ಕು ದಿನ ಬೈತಿದ್ದೆ. ಆಮೇಲೆ ಬೇರೆ ಬಕೆಟ್ ಇಡ್ತಿದ್ದೆ. ಇನ್ನೇನು ಮಾಡ್ತಿದ್ದೆ ನಾನು? ಮನೆಯಿಂದ ಆಚೆ ಹಾಕ್ತಿದ್ನಾ?"

ನಾಲ್ಕು ದಿನದ ಬೈಗುಳ. ಅದನ್ನು ತಪ್ಪಿಸಿಕೊಳ್ಳುವುದಕ್ಕೆ ನಾನು ಎಷ್ಟೆಲ್ಲ ಮಾಡಿದ್ದೆ ಎಂದು ಲೆಕ್ಕ ಹಾಕುವ ಧೈರ್ಯವೂ ಆಗಲಿಲ್ಲ.

"ಆಯಮ್ಮಂಗೆ ಹೇಳ್ದ್ಯಾ?" ಎಂದರು.

"ಇಲ್ಲ ಅತ್ತೆ."

"ಮತ್ತಿಲ್ಲಿ ಯಾಕೆ ನಿಂತಿದೀಯ?"

ಮೊದಲು ಗೈಡಿಗೆ ಫೋನು ಮಾಡಿ ಹೇಳಿದೆ. ಅವರು ಹಗ್ಗವನ್ನೇ ಪರೀಕ್ಷೆ ಮಾಡಿಲ್ಲವಾದ್ದರಿಂದ ಖಚಿತವಾಗಿ ಹೇಳಲಾಗದು ಎಂದರು. ಆದರೂ ತಿದ್ದುಪಡಿ ಬರೆದು ಕೊಡಿ ಎಂದರು. ಕೊಟ್ಟೆ. ಈಗ ಆ ಪುಟದಲ್ಲಿ ವ್ಯಾಪಾರಿಗಳಿಲ್ಲ. ಸಂಶೋಧಕರ ಸಲಕರಣೆಯಿಂದ ರೋಗ ದಾಟಿರುವ ಸಾಧ್ಯತೆ ಹೆಚ್ಚು ಎಂದಿದೆ. ಆ ವಾಕ್ಯ ಬರೆಯುವುದು ಕಷ್ಟವಾಯಿತು ನಿಜ, ಆದರೆ ಕುಣಿಗಲ್ಲಿಗೆ ಹೋಗುವುದರ ಮುಂದೆ ಅದೇನೂ ಅಲ್ಲ.

ಗೇಟಿನಲ್ಲಿ ಸುಣ್ಣದ ತಟ್ಟೆ ಹಾಗೇ ಇತ್ತು. ಪುಡಿ ಹೊಸದು. ಶೆಡ್ ಖಾಲಿ, ಸಿಮೆಂಟಿನ ನೆಲ ಉಜ್ಜಿ ಉಜ್ಜಿ ಬೆಳ್ಳಗಾಗಿತ್ತು. ಯಾರಿಗಾಗಿ ಹಾಕುತ್ತಾರೆ ಇನ್ನೂ ಸುಣ್ಣ ಎಂದು ಕೇಳಲು ಬಾಯಿ ಬರಲಿಲ್ಲ. ಆ ಅಮ್ಮ ಹೊರಗೆ ಬಂದು, "ಓ, ಡಾಕ್ಟ್ರಮ್ಮ! ಬಂತಾ ರಿಪೋರ್ಟು?" ಎಂದು ಚಾಪೆ ಹಾಸಿದರು. ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು.

"ನಿಮ್ಮ ತಮ್ಮನ ಮುಸುರೆಯಿಂದ ಬಂದಿದ್ದಲ್ಲಮ್ಮ. ನನ್ನ ಹಗ್ಗದಿಂದ ಬಂದಿದ್ದು. ಹಿಂದಿನ ದಿನ ಗುಬ್ಬೀಲಿ ಕಾಯಿಲೆ ಹಂದಿಗೆ ಹಾಕಿದ್ದ ಹಗ್ಗ. ನಾನದನ್ನ ತೊಳ್ದಿರಲಿಲ್ಲ."

ಅವರು ಚಾಪೆಯ ಮೂಲೆ ಹಿಡಿದುಕೊಂಡೇ ಇದ್ದರು. ಬೈಯಲಿ ಎಂದು ಕಾದೆ. ಆ ಅಮ್ಮ ಬೈಯುವುದನ್ನು ಕೇಳಿದ್ದವಳು ನಾನು. ಅದು ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅವತ್ತು ಕೇಳಿದ್ನಲ್ಲ ನಾನು" ಎಂದರು ಮೆಲ್ಲಗೆ. "ಗೇಟಲ್ಲಿ ನಿಲ್ಸಿ ಕೇಳಿದ್ನಲ್ಲ."

"ಕೇಳಿದ್ರಿ."

"ತೊಳ್ದಿದೀನಿ ಅಂದ್ರಿ."

"ಹೂಂ. ಸುಳ್ಳು ಹೇಳಿದೆ."

ಅವರು ಖಾಲಿ ಶೆಡ್ಡಿನ ಕಡೆ ನೋಡಿದರು. "ಹಂದಿ ಹೋಗ್ಲಿ ಬುಡಿ. ಇನ್ನೊಂದು ಜೊತೆ ತಂದ್ರೆ ವರ್ಷದಲ್ಲಿ ಆಯ್ತವೆ. ನಮ್ಮ ಹುಡ್ಗಂಗೆ ಹೆಣ್ಣು ಕೂಸಾಯ್ತು. ನಾಮಕರಣಕ್ಕೆ ಕರೆಯೋಕೆ ಬಂದಿದ್ದ, ಗೇಟು ತೆಗೀಲಿಲ್ಲ ನಾನು. ಆಚೆನೇ ನಿಂತಿದ್ದು ಹೋದ. ಕಿವೀಲಿ ಹೆಸ್ರು ಕರೆಯೋಕೆ ಇನ್ಯಾರನ್ನೋ ಕರ್ಕಂಡ್ರಂತೆ." ಚಾಪೆಯನ್ನು ಮತ್ತೆ ಸುತ್ತುತ್ತಾ, "ಹೆಸ್ರು ಕರೆಯೋದು ಒಂದೇ ಸಲ ಅಲ್ವ ಡಾಕ್ಟ್ರಮ್ಮ" ಎಂದರು.

"ಏನು ಹೆಸರಿಟ್ರು?" ಎಂದು ಕೇಳಿಬಿಟ್ಟೆ.

"ಗೊತ್ತಿಲ್ಲ."

ಅವರ ಮುಂದೆಯೇ ತಮ್ಮನಿಗೆ ಫೋನು ಮಾಡಿದೆ. ನಾನು ಯಾರೆಂದು ಹೇಳಿ, ಆಗಲೇ ಹೇಳಿದ್ದನ್ನೆಲ್ಲ ಇನ್ನೊಂದು ಸಲ ಹೇಳಿದೆ. ಆ ಕಡೆಯಿಂದ ಆಟೋದ ಇಂಜಿನ್ನಿನ ಸದ್ದು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. "ನಾನಲ್ವ ಹಂಗಾದ್ರೆ?" ಎಂದ. "ನೀವಲ್ಲ" ಎಂದೆ. "ಅಕ್ಕಂಗೆ ಗೊತ್ತಾ?" "ಈಗ ಹೇಳ್ದೆ. ಇಲ್ಲೇ ಇದಾರೆ." ಫೋನು ಚಾಚಿದರೆ ಅವರು ತೆಗೆದುಕೊಳ್ಳಲಿಲ್ಲ. ಬೇಡ ಎಂದು ಕೈಯಾಡಿಸಿ ಗೋಡೆಯ ಕಡೆ ತಿರುಗಿದರು. ತಿರುಗಿಕೊಂಡೇ, "ಕೂಸಿಗೆ ಏನು ಹೆಸ್ರಿಟ್ಟವ್ರೆ ಕೇಳಿ" ಎಂದರು.

ಕೇಳಿದೆ. ಅವನು, "ಅವ್ಳೇ ಬಂದು ಕೇಳ್ಲಿ" ಎಂದು ಫೋನಿಟ್ಟ.

ಅದು ಸಿಟ್ಟಿನ ಮಾತೋ ಕರೆಯುವ ಮಾತೋ ನನಗೆ ತಿಳಿಯಲಿಲ್ಲ. ಏನನ್ನೂ ಸೇರಿಸದೆ, ಏನನ್ನೂ ಬಿಡದೆ, ಹಾಗೇ ಹೇಳಿದೆ. ಆ ಅಮ್ಮ "ಹಂಗಂದ್ನಾ" ಎಂದು ಒಳಗೆ ಹೋದರು. ಕಾಲು ಗಂಟೆಯ ಮೇಲೆ ಬೇರೆ ಸೀರೆ ಉಟ್ಟು, ತಲೆ ಬಾಚಿಕೊಂಡು, ಒಂದು ಚಿಕ್ಕ ಬ್ಯಾಗು ಹಿಡಿದು ಬಂದರು. ಬ್ಯಾಗಿನ ಬಾಯಲ್ಲಿ ಹಸಿರು ಬಣ್ಣದ ಕುಲಾವಿಯ ತುದಿ ಕಾಣುತ್ತಿತ್ತು. ಅದು ಹೊಸದಾಗಿ ಕೊಂಡದ್ದಲ್ಲ, ಕೈಯಲ್ಲಿ ಹೆಣೆದದ್ದು. ಗೇಟು ಹಾಕಿ ಬೀಗ ಜಗ್ಗಿ ನೋಡಿದರು.

"ಹುಲಿಯೂರುದುರ್ಗದ ಬಸ್ಸು ಬರೋದು ತಡ ಅಲ್ವಾ ಅಮ್ಮ. ಬನ್ನಿ, ಸ್ಕೂಟರಲ್ಲಿ ಬಿಡ್ತೀನಿ" ಎಂದೆ.

ಹಗ್ಗದ ವಿಷಯ ಹೇಳಿದ ಮೇಲೆ ಅವರು ಮೊದಲ ಸಲ ನನ್ನ ಮುಖ ನೋಡಿದರು. ಆಮೇಲೆ ನನ್ನ ಕಾಲು, ಆಮೇಲೆ ಸ್ಕೂಟರಿನ ಡಿಕ್ಕಿ.

"ಬೇಡಿ ಡಾಕ್ಟ್ರಮ್ಮ" ಎಂದರು. "ನೀವು ಬರ್ಬೇಡಿ ಅಲ್ಲಿಗೆ. ಕೂಸೈತೆ ಆ ಮನೇಲಿ."

ರಸ್ತೆಯ ಅಂಚಿನಲ್ಲಿ ಬಸ್ ಸ್ಟಾಪಿನ ಕಡೆಗೆ ನಡೆದುಹೋದರು. ಅದು ಮನುಷ್ಯರಿಗೆ ಬರುವ ರೋಗವಲ್ಲ ಎಂದು ಅವರಿಗೆ ಗೊತ್ತಿತ್ತು. ಹೇಳಿಕೊಟ್ಟವಳು ನಾನೇ.